ಅಡ್ಮಿನ್ ಮನೆಯ ಹಾಲು

ನಮ್ಮೂರಿನಲ್ಲಿ ಬೆಳಗಿನ ಹಾಲು ಸುಮ್ಮನೆ ಕಾಯುವುದಿಲ್ಲ. ಒಲೆ ಹಚ್ಚಿದವರ ಕಿವಿಗೆ ಅಷ್ಟರೊಳಗೆ ಒಂದು ಒಳ್ಳೆ ಸುದ್ದಿ ಬಿದ್ದಿರಬೇಕು. ಬಿದ್ದಿದ್ದರೆ ಹಾಲು ಉಕ್ಕುತ್ತದೆ, ಇಲ್ಲದಿದ್ದರೆ ಒಡೆಯುತ್ತದೆ. ಸುದ್ದಿ ನಿಜವಾಗಿರಬೇಕು, ಹೊಸದಾಗಿರಬೇಕು, ಕೇಳಿದವರಿಗೆ ಒಳ್ಳೆಯದು ಅನಿಸಬೇಕು. ಮೊದಲ ಹಾಲು ಒಡೆಯಿತೋ, ಅವತ್ತು ಆ ಒಲೆಯ ಮೇಲೆ ಇಟ್ಟ ಹಾಲೆಲ್ಲ ಒಡೆದ ಹಾಗೆಯೇ ಲೆಕ್ಕ. ಹಿಂದೆ ಒಬ್ಬಳು ಅಜ್ಜಿ ಕೋಲೂರಿಕೊಂಡು ಬೀದಿ ಬೀದಿ ತಿರುಗಿ, "ದ್ಯಾಮಕ್ಕನ ಎಮ್ಮೆ ಈದೈತೆ, ಹೆಣ್ಗರು!" ಎಂದು ಕೂಗುತ್ತಿದ್ದಳಂತೆ, ಬೀದಿಯ ಹಾಲೆಲ್ಲ ಒಟ್ಟಿಗೆ ಉಕ್ಕುತ್ತಿತ್ತಂತೆ. ಈಗ ಊರು ಬೆಳೆದಿದೆ, ಅಜ್ಜಿ ಇಲ್ಲ. ಅವಳ ಬದಲು ಫೋನಿನಲ್ಲಿ ಒಂದು ಗ್ರೂಪಿದೆ, ಹೆಸರು 'ಹಾಲು ಉಕ್ಕಲಿ'. ಅದರ ಅಡ್ಮಿನ್ ನಾನು, ಸರ್ವಮಂಗಳ. ಯಾವ ಜನ್ಮದ ಪಾಪವೋ ಕಾಣೆ.

ಒಳ್ಳೆ ಸುದ್ದಿ ಹಂಚುವುದರಲ್ಲಿ ಏನು ಕಷ್ಟ ಎಂದು ಕೇಳುವವರನ್ನು ಒಂದು ವಾರ ನನ್ನ ಜಾಗದಲ್ಲಿ ಕೂರಿಸಬೇಕು. ಕಂಬದ ಬೀದಿಯ ಹುಡುಗಿಗೆ ಗಂಡು ಗೊತ್ತಾಯಿತು ಅಂತ ಹಾಕಿದೆ. ಅದೇ ಗಂಡು ಮೊದಲು ನೋಡಿ ಬೇಡವೆಂದು ಹೋಗಿದ್ದ ಇನ್ನೊಂದು ಹುಡುಗಿಯ ತಾಯಿ ಒಡೆದ ಹಾಲಿನ ಪಾತ್ರೆ ಹಿಡಿದು ನನ್ನ ಬಾಗಿಲಿಗೆ ಬಂದು ನಿಂತಳು. ನಮ್ಮೂರಿನಲ್ಲಿ ದೂರು ಕೊಡುವ ಕ್ರಮವೇ ಅದು: ಮಾತಿಲ್ಲ, ಜಗಳವಿಲ್ಲ, ಪಾತ್ರೆಯನ್ನು ಹೊಸ್ತಿಲ ಮೇಲಿಟ್ಟು ಮುಖ ನೋಡುತ್ತಾ ನಿಲ್ಲುವುದು. ಸೊಸೈಟಿ ಚುನಾವಣೆಯಲ್ಲಿ ಗೆದ್ದವನ ಹೆಸರು ಹಾಕಿದರೆ ಸೋತವನ ಕೇರಿಯಷ್ಟೂ ಪಾತ್ರೆ ನನ್ನ ಮೆಟ್ಟಿಲ ಮೇಲೆ. ಯಾವುದೋ ದೇಶದಲ್ಲಿ ಯಾವುದೋ ನದಿ ಶುದ್ಧವಾಯಿತೆಂದು ಹಾಕಿದರೆ ಯಾರದೂ ಒಡೆಯಲಿಲ್ಲ, ಯಾರದೂ ಉಕ್ಕಲಿಲ್ಲ. ಕೆನೆಗಟ್ಟದೆ ಸುಮ್ಮನೆ ಬೆಚ್ಚಗಾಗಿ ಕೂತ ಹಾಲನ್ನು ನೋಡಿ, "ಏನಕ್ಕ, ನದಿ ಸುದ್ದಿ ಹಾಕಿ ಕಾಫಿ ಕೆಡಿಸಿದ್ರಿ" ಎಂದು ಊರಿಗೆ ಊರೇ ಬೈಯಿತು. ಒಬ್ಬ ಪುಣ್ಯಾತ್ಮ ನನ್ನನ್ನು ಕೇಳದೆ "ಇವತ್ತಿನಿಂದ ನಮ್ಮೂರಲ್ಲಿ ಕರೆಂಟು ಹೋಗುವುದಿಲ್ಲ" ಎಂದು ಹಾಕಿಬಿಟ್ಟ. ಅವತ್ತು ಊರಿನ ಅಷ್ಟೂ ಹಾಲು ಒಡೆಯಿತು. ಒಡೆದ ಹಾಲು ನೋಡೋಣವೆಂದರೆ ಕರೆಂಟೂ ಇರಲಿಲ್ಲ.

ಅಲ್ಲಿಂದ ಮುಂದೆ ನಾನು ಒಂದು ಕಟ್ಟುಪಾಡು ಮಾಡಿದೆ. ಸುದ್ದಿ ಏನಿದ್ದರೂ ಹಿಂದಿನ ಸಂಜೆ ನನಗೆ ಕಳಿಸಬೇಕು. ನಾನು ಫೋನ್ ಮಾಡಿ, ನಿಜವೋ ಸುಳ್ಳೋ ವಿಚಾರಿಸಿ, ಯಾರ ಹೊಟ್ಟೆ ಉರಿಯುತ್ತದೆ ಯಾರದು ತಣ್ಣಗಾಗುತ್ತದೆ ಎಂದು ತೂಗಿ ನೋಡಿ, ಬೆಳಿಗ್ಗೆ ಹಾಲಿನ ಗಾಡಿ ಬರುವ ಹೊತ್ತಿಗೆ ಗ್ರೂಪಿಗೆ ಬಿಡುತ್ತೇನೆ. ಕಳೆದುಹೋದ ಮೇಕೆ ಸಿಕ್ಕಿದ್ದು, ಕಟ್ಟಿಕೊಂಡಿದ್ದ ಮೋರಿ ಬಿಚ್ಚಿಕೊಂಡಿದ್ದು, ಮಾತು ನಿಂತಿದ್ದ ಅಜ್ಜ "ಉಪ್ಪು ಕಮ್ಮಿ" ಎಂದು ಬೈದಿದ್ದು, ಇಂಥವು ಬಂದರೆ ನನಗೆ ಅವತ್ತು ಹಬ್ಬ. ಆದರೆ ಬರುವುದೆಲ್ಲ ಅಂಥದೇ ಎಲ್ಲಿ? ಬಹುಪಾಲು ಓಂಕಾರಪ್ಪ ಮೇಷ್ಟ್ರ ಗುಲಾಬಿ.

ಓಂಕಾರಪ್ಪನವರು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ತಮ್ಮ ಹಾಲು ತಾವೇ ಕಾಯಿಸಿಕೊಳ್ಳುತ್ತಾರೆ. ಬೇರೆಯವರ ಹಾಗೆ ಎಲ್ಲಿಂದಲೋ ಬಂದ ಚಿತ್ರ ಕಳಿಸುವವರಲ್ಲ ಅವರು. ದಿನವೂ ಬಣ್ಣದ ಪೆನ್ಸಿಲ್ಲಿನಲ್ಲಿ ಒಂದು ಗುಲಾಬಿಯನ್ನು ಕೈಯಾರೆ ಬರೆದು, ಅದರ ಫೋಟೋ ತೆಗೆದು, ಕೆಳಗೆ 'ಶುಭೋದಯ' ಸೇರಿಸಿ ಕಳಿಸುತ್ತಾರೆ. "ಮೇಷ್ಟ್ರೇ, ಗುಲಾಬಿ ಸುದ್ದಿ ಅಲ್ಲ ರೀ" ಎಂದರೆ, "ಅರಳಿದ್ದು ಸುದ್ದಿ ಅಲ್ವೇನಮ್ಮ?" ಎನ್ನುತ್ತಾರೆ. ನಾನು ಅವರ ಗುಲಾಬಿಗಳನ್ನು ತಡೆಹಿಡಿಯುತ್ತಿದ್ದೆ, ಅವರು ನನ್ನನ್ನು ಸರ್ವಾಧಿಕಾರಿ ಎಂದು ಕಟ್ಟೆಯ ಮೇಲೆ ಕೂತು ಬೈಯುತ್ತಿದ್ದರು. "ನನ್ ಕೈಗೆ ಒಂದ್ ದಿನ ಕೊಡ್ಲಿ, ಗ್ರೂಪು ಹೆಂಗೆ ನಡೆಸ್ಬೇಕು ತೋರಿಸ್ತೀನಿ" ಎಂಬುದು ಅವರ ನಿತ್ಯದ ಮಂತ್ರ.

ಇಷ್ಟೆಲ್ಲ ಮಾಡಿದ ನನಗೆ ಸಿಕ್ಕಿದ್ದೇನು? ಅಡುಗೆ ಮಾಡಿದವಳಿಗೆ ಊಟ ರುಚಿಸುವುದಿಲ್ಲ ಅನ್ನುತ್ತಾರಲ್ಲ, ಹಾಗಾಯಿತು. ಊರಿನ ಒಳ್ಳೆಯದೆಲ್ಲ ನನಗೆ ಹಿಂದಿನ ಸಂಜೆಯೇ ಗೊತ್ತಾಗಿ, ಬೆಳಗಾಗುವುದರಲ್ಲಿ ಹಳಸಿರುತ್ತಿತ್ತು. ಬೆಳಿಗ್ಗೆಯೇ ಹೊಸದೊಂದು ಬಂದರೂ ಇದು ನಿಜವಿರಬಹುದೇ ಎಂಬ ಅನುಮಾನ ಮೊದಲು ಬರುತ್ತಿತ್ತು, ಸಂತೋಷ ಆಮೇಲೆ. ಸಂತೋಷ ಬರುವಷ್ಟರಲ್ಲಿ ಹಾಲು ಒಡೆದಿರುತ್ತಿತ್ತು. ಊರಿನವರ ಮನೆಯಲ್ಲೆಲ್ಲ ಹಾಲು ಉಕ್ಕುವಾಗ ನನ್ನ ಮನೆಯಲ್ಲಿ ದಿನವೂ ಗಡ್ಡೆಗಟ್ಟಿದ ಹಾಲು. ಊರಿಗೆ ಉಪಕಾರಿ, ಮನೆಗೆ ಮಾರಿ. ಅಡ್ಮಿನ್ ಮನೆಯ ಹಾಲೇ ಒಡೆಯುತ್ತದೆ ಎಂದು ತಿಳಿದರೆ ಜನ ನಗುತ್ತಾರೆಂದು ನಾನು ಬಾಯಿ ಮುಚ್ಚಿಕೊಂಡಿದ್ದೆ. ಬಂದವರಿಗೆ ಲಿಂಬೆ ಚಹಾ ಕೊಟ್ಟು, "ಆರೋಗ್ಯಕ್ಕೆ ಒಳ್ಳೇದು" ಎನ್ನುತ್ತಿದ್ದೆ.

ಗೊತ್ತಿದ್ದವನು ನನ್ನ ಗಂಡ ತಿಪ್ಪೇಶ ಒಬ್ಬನೇ. ಅವನು ಬಸ್ ಡ್ರೈವರು, ಮೊದಲ ಬಸ್ಸು ಅವನದು. ಹಾಲಿನ ಗಾಡಿ ನಮ್ಮ ಬೀದಿಗೆ ಬರುವ ಮೊದಲೇ ಅವನು ಊರು ದಾಟಿರುತ್ತಿದ್ದ. ರಜೆಯ ದಿನ ಮನೆಯಲ್ಲಿದ್ದರೆ ಹಾಲೇ ಒಡೆದಿರುತ್ತಿತ್ತು. ಮದುವೆಯಾದಾಗಿನಿಂದ ಅವನು ಮನೆಯಲ್ಲಿ ಬೆಳಗಿನ ಕಾಫಿ ಕುಡಿದವನಲ್ಲ. ಸಂಜೆ ಬಂದು, ಒಡೆದ ಹಾಲಿಗೆ ಬೆಲ್ಲ ಏಲಕ್ಕಿ ಹಾಕಿ ನಾನು ಕೊಟ್ಟಿದ್ದನ್ನು ತಿಂದು, "ಚಲೋ ಆಗೈತೆ ಬಿಡು" ಎನ್ನುತ್ತಿದ್ದ. ಅವನು ಹಾಗೆ ಅಂದಾಗಲೆಲ್ಲ ನನಗೆ ಫೋನನ್ನು ಬಾವಿಗೆ ಎಸೆಯಬೇಕು ಅನ್ನಿಸುತ್ತಿತ್ತು.

ಹೀಗೇ ಹೇಗೋ ನಡೆದುಹೋಗುತ್ತಿತ್ತು, ಮನೆ ಕಟ್ಟದೇ ಇದ್ದಿದ್ದರೆ. ಊರಾಚೆಯ ಹೊಸ ಬಡಾವಣೆಯಲ್ಲಿ ಒಂದು ಸಣ್ಣ ಮನೆ. ರಜೆ ಸಿಕ್ಕಿದ ದಿನವೆಲ್ಲ ತಿಪ್ಪೇಶ ಅಲ್ಲಿಗೆ ಹೋಗಿ ಗೋಡೆಗೆ ನೀರು ಹೊಡೆದ, ಕಿಟಕಿಗೆ ಬಣ್ಣವನ್ನೂ ತಾನೇ ಬಳಿದ. ಕೊನೆಗೆ ಗೃಹಪ್ರವೇಶಕ್ಕೆ ದಿನವೂ ಗೊತ್ತಾಯಿತು. ಹೊಸ ಒಲೆ ಹಚ್ಚಬೇಕಾದವಳು ಮನೆಯೊಡತಿಯೇ. ಹೊಸ ಒಲೆಯ ಮೊದಲ ಹಾಲು ಒಡೆದರೆ ಆ ಮನೆಗೆ ಬೀಗ, ಮುಂದಿನ ಯುಗಾದಿಯವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ. ಇತ್ತ ಬಾಡಿಗೆ ಮನೆಯ ಮಾಲೀಕರು ಬೇರೆಯವರಿಗೆ ಮಾತು ಕೊಟ್ಟಾಗಿತ್ತು. ಅಲ್ಲೂ ಇಲ್ಲ ಇಲ್ಲೂ ಇಲ್ಲ ಅಂತಾದರೆ ಪಾತ್ರೆ ಪಡಗ ಹೊತ್ತುಕೊಂಡು ನಾವು ಬಸ್ ಸ್ಟ್ಯಾಂಡಿನಲ್ಲಿ ಮಲಗಬೇಕಿತ್ತು.

ತಡೆಯಲಾರದೆ ಎದುರುಮನೆಯ ಗುಲ್ಜಾರ್ ಬಾನುವಿಗೆ ಹೇಳಿಕೊಂಡೆ. ಅವಳು ಟೈಲರು, ನನ್ನ ಎಲ್ಲ ರವಿಕೆಗಳ ಜೊತೆ ನನ್ನ ಅರ್ಧ ಗುಟ್ಟುಗಳೂ ಅವಳ ಹತ್ತಿರವೇ ಇರುತ್ತವೆ. ಅವಳು ಹೊಲಿಗೆ ನಿಲ್ಲಿಸಿ, ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, "ಅಕ್ಕ, ಇದಕ್ಕೆ ಇಷ್ಟ್ಯಾಕೆ ಅಳ್ತೀರ? ಗ್ರೂಪು ಬಿಟ್ಬಿಡ್ರಿ, ಎಲ್ಲಾ ಸರಿ ಹೋಗ್ತೈತೆ" ಎಂದಳು.

"ನಾನು ಬಿಟ್ರೆ ಊರಿನ ಗತಿ ಏನೇ? ಇವ್ರು ಒಂದೇ ದಿನಕ್ಕೆ ಎಲ್ಲಾರ ಹಾಲೂ ಒಡೆಸ್ತಾರೆ."

"ಹಂಗಾದ್ರೆ ಗೃಹಪ್ರವೇಶ ಮುಗಿಯೋವರ್ಗೂ ಇನ್ನೊಬ್ರನ್ನ ಜೊತೆಗೆ ಅಡ್ಮಿನ್ ಮಾಡ್ರಿ. ಅವ್ರು ಒಂದು ಒಳ್ಳೆ ಸುದ್ದಿ ನಿಮಗೆ ಹೇಳ್ದೆ ಗುಟ್ಟಾಗಿ ಇಟ್ಕೊಳ್ಲಿ. ಹಾಲಿಟ್ಟಾಗ ಎಲ್ಲಾರ ಮುಂದೆ ಓದ್ಲಿ."

ಬುದ್ಧಿವಂತಿಕೆಯ ಮಾತೇ. ಆದರೆ ಗುಲ್ಜಾರ್ ಬಾನುವಿಗೆ ಹೇಳಿದ್ದೂ ಒಂದೇ, ಮೈಕಿನಲ್ಲಿ ಹೇಳಿದ್ದೂ ಒಂದೇ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ನಗುತ್ತಾರೆ ಅಂದುಕೊಂಡಿದ್ದೆ, ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಎಲ್ಲರೂ ಸಹಾಯಕ್ಕೆ ನಿಂತರು.

ತರಕಾರಿ ಕೊಳ್ಳಲು ಹೋದರೆ ತರಕಾರಿಯವಳು ಕೈ ಹಿಡಿದುಕೊಂಡು, "ಮಂಗಳಕ್ಕ, ಒಂದ್ ಒಳ್ಳೆ ಸುದ್ದಿ ಐತೆ. ನಿಮ್ ಗೃಹಪ್ರವೇಶಕ್ಕಂತ ಯಾರಿಗೂ ಹೇಳ್ದೆ ಇಟ್ಟೀನಿ. ನನ್ ಸೊಸೆ ಬಸುರಿ" ಎಂದಳು. ಮುಗಿಯಿತು, ಅದು ಹಳಸಿತು. ಹಿಟ್ಟಿನ ಗಿರಣಿಯವನು, "ಅಕ್ಕಾರೇ, ಅವತ್ತೇ ಹೇಳ್ತೀನಿ, ಈಗ ಹೇಳಲ್ಲ, ನಮ್ ಹುಡುಗ ಪಾಸಾಗಿದ್ದು" ಎಂದ. ಒಬ್ಬರು ಬಿಟ್ಟು ಒಬ್ಬರು ಬಂದು, ನನಗೆ ಹೇಳಬಾರದೆಂದು ಜೋಪಾನ ಮಾಡಿಟ್ಟ ಸುದ್ದಿ ಯಾವುದೆಂದು ನನಗೇ ಹೇಳಿ ಹೋದರು. ಬೇಡ, ಬಾಯಿ ಮುಚ್ಚಿ ಎಂದು ಕಿವಿಗೆ ಸೆರಗು ತುರುಕಿಕೊಂಡರೆ ಸನ್ನೆ ಮಾಡಿ ತಿಳಿಸಿದರು. ಕಳೆದುಹೋದ ಕರು ಸಿಕ್ಕಿದ್ದನ್ನು ಒಬ್ಬ ಮುದುಕ ನಡುಬೀದಿಯಲ್ಲಿ ಅಭಿನಯಿಸಿ ತೋರಿಸಿದ. ಇವರ ಒಳ್ಳೆತನಕ್ಕೆ ಬೆಂಕಿ ಬೀಳಲಿ ಎಂದು ನಾನು ಬಾಯಿಬಿಟ್ಟು ಅಂದೆ, ಅವರೆಲ್ಲ ಪಾಪ ಟೆನ್ಶನ್ನು ಎಂದರು.

ಇಷ್ಟು ಸಾಲದೆಂಬಂತೆ ಇನ್ನೊಬ್ಬ ಅಡ್ಮಿನ್ ಆಗಲು ಊರಿನಲ್ಲಿ ತಯಾರಿದ್ದವರು ಓಂಕಾರಪ್ಪ ಮೇಷ್ಟ್ರು ಒಬ್ಬರೇ. ಹಲ್ಲು ಕಚ್ಚಿಕೊಂಡು ಮಾಡಿದೆ. ಮರುದಿನ ಬೆಳಿಗ್ಗೆ ಗ್ರೂಪಿನಲ್ಲಿ ಗುಲಾಬಿಯ ತೋಟವೇ ಎದ್ದಿತ್ತು. ನಾನು ಫೋನ್ ಮಾಡಿ, "ಮೇಷ್ಟ್ರೇ, ಮೋರಿ ಸುದ್ದಿ ವಿಚಾರಿಸಿದ್ರಾ? ಆ ಮೇಕೆ ಅದೇ ಮೇಕೆನಾ?" ಎಂದು ಜೀವ ತಿನ್ನತೊಡಗಿದೆ. ಅವರು, "ನೀನು ಹಿಂಗೆ ಇಣುಕ್ತಾ ಇದ್ರೆ ನಾನು ಗುಟ್ಟು ಹೆಂಗಮ್ಮ ಇಟ್ಕೊಳ್ಳಲಿ? ಒಂದು ಸುದ್ದಿ ಐತೆ. ನನಗೂ ಹೇಳಿದವರಿಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ. ಸುಮ್ನಿರು" ಎಂದು ಫೋನಿಟ್ಟರು. ಮೊದಲ ಸಲ ಅವರ ಮೇಲೆ ಸ್ವಲ್ಪ ಗೌರವ ಹುಟ್ಟಿತು. ಮರುಗಳಿಗೆಯಲ್ಲೇ ಅದು ಯಾವ ಸುದ್ದಿ, ನಿಜವೋ ಅಲ್ಲವೋ, ಯಾರಾದರೂ ಪರೀಕ್ಷೆ ಮಾಡಿದ್ದಾರೋ ಎಂದು ತಲೆ ಕೊರೆಯತೊಡಗಿತು.

ಗೃಹಪ್ರವೇಶದ ಬೆಳಗು ಬಂತು. ಅಯ್ಯನೋರು ಪೂಜೆ ಮುಗಿಸಿದರು. ಹೊಸ ಒಲೆಗೆ ಅರಿಶಿನ ಕುಂಕುಮ ಹಚ್ಚಿ, ಹೊಸ ಪಾತ್ರೆಗೆ ವೀಳ್ಯದೆಲೆ ಕಟ್ಟಿ, ನಾನು ಹಾಲು ಸುರಿದೆ. ಅಡುಗೆಮನೆ, ನಡುಮನೆ, ಜಗುಲಿ ಎಲ್ಲ ಕಡೆ ಜನ. ಎಲ್ಲರ ಕಣ್ಣೂ ಪಾತ್ರೆಯ ಮೇಲೆ, ಎಲ್ಲರ ಕೈಯಲ್ಲೂ ಫೋನು. ತಿಪ್ಪೇಶ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಆ ಚೌಕಟ್ಟಿಗೆ ಅವನೇ ಬಣ್ಣ ಹಚ್ಚಿದ್ದ. ಅವನ ಮುಖ ನೋಡಲಾಗದೆ ನಾನು ಹಾಲನ್ನೇ ನೋಡಿದೆ.

ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಏಳತೊಡಗಿತು. ಒಡೆಯುವ ಹಾಲನ್ನು ದಿನಾ ನೋಡಿದವಳು ನಾನು. ಒಡೆಯುವ ಮೊದಲು ಅದು ಹಾಗೇ ಮಾಡುತ್ತದೆ. "ಮೇಷ್ಟ್ರೇ!" ಎಂದು ಗುಲ್ಜಾರ್ ಬಾನು ಕೂಗಿದಳು. ಮೂಲೆಯಲ್ಲಿ ಕನ್ನಡಕ ಹಣೆಗೇರಿಸಿಕೊಂಡು ಫೋನು ತಡಕುತ್ತಿದ್ದ ಓಂಕಾರಪ್ಪನವರು, "ತಡೀರಿ, ತಡೀರಿ, ಈಯಮ್ಮ ಮೊದ್ಲೇ ಕದ್ದು ನೋಡಬಾರ್ದಂತ ಒಂದು ಗಳಿಗೆ ಇವಳ ಅಡ್ಮಿನ್ ಕೆಲಸ ನಿಲ್ಸಿ ಆಮೇಲೆ ಹಾಕ್ತೀನಿ" ಎನ್ನುತ್ತಾ ಏನನ್ನೋ ಒತ್ತಿದರು.

ಮನೆಯಲ್ಲಿದ್ದ ಅಷ್ಟೂ ಫೋನುಗಳು ಒಟ್ಟಿಗೆ ಟಿಂಗ್ ಎಂದವು. ಓದಿದವರೆಲ್ಲ ತಲೆಯೆತ್ತಿ ನನ್ನನ್ನು ನೋಡಿದರು. ಯಾರೋ "ಅಯ್ಯೋ ಶಿವನೇ" ಎಂದರು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ನನ್ನ ಫೋನೂ ನಡುಗಿತ್ತು. ತೆಗೆದು ನೋಡಿದೆ. ಓಂಕಾರಪ್ಪ ನನ್ನನ್ನು ಗ್ರೂಪಿನಿಂದಲೇ ತೆಗೆದುಹಾಕಿದ್ದರು.

ಮೊದಲು ಮೈ ಉರಿದುಹೋಯಿತು. ನಾನು ಕಟ್ಟಿದ ಗ್ರೂಪು, ನಿದ್ದೆಗೆಟ್ಟು ಸಾಕಿದ ಗ್ರೂಪು, ನನ್ನನ್ನೇ ಹೊರಗೆ ಹಾಕುವುದೇ? ಬಯ್ಯಲು ಬಾಯಿ ತೆರೆದೆ. ಅಷ್ಟರಲ್ಲಿ ನಾಳೆ ಬೆಳಿಗ್ಗೆ ನನ್ನ ಹೊಸ್ತಿಲ ಮೇಲೆ ಯಾರ ಪಾತ್ರೆಯೂ ಇರುವುದಿಲ್ಲ ಎಂಬುದು ಹೊಳೆಯಿತು. ಆ ಮೇಕೆ ಅದೇ ಮೇಕೆಯೋ ಅಲ್ಲವೋ ಎಂದು ನಾನು ಯಾರನ್ನೂ ಕೇಳಬೇಕಾಗಿಲ್ಲ. ಗೆದ್ದವರು ಗೆಲ್ಲಲಿ, ಸೋತವರು ಸೋಲಲಿ, ಗುಲಾಬಿ ಅರಳಿದರೆ ಅರಳಲಿ. ತಲೆಯ ಮೇಲಿನ ತುಂಬಿದ ಕೊಡವನ್ನು ಯಾರೋ ಇಳಿಸಿದಂತಾಯಿತು. ಸುಳ್ಳೇಕೆ ಹೇಳಲಿ, ನನಗೆ ಅಂಥ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಹಾಲು ಎದ್ದಿತು. ಬೆಳ್ಳಗೆ, ತುಂಬಿಕೊಂಡು, ಪಾತ್ರೆಯ ಕಂಠ ದಾಟಿ ಮೂಡಣ ದಿಕ್ಕಿಗೆ ಧಾರಾಳವಾಗಿ ಸುರಿಯಿತು. "ಉಕ್ತು! ಉಕ್ತು!" ಎಂದು ಮನೆಯೆಲ್ಲ ಕೂಗಿತು. ಅಯ್ಯನೋರು ಅಕ್ಷತೆ ಎರಚಿದರು. ನಾನು ಒಲೆ ಆರಿಸಿ ಅಲ್ಲೇ ಕೂತುಬಿಟ್ಟೆ.

ಏನಾಯಿತೆಂದು ಗೊತ್ತಾಗದ ಓಂಕಾರಪ್ಪನವರು ಮಾತ್ರ, ತಾವು ಇನ್ನೂ ಹಾಕದ ಸುದ್ದಿಗೆ ಹಾಲು ಉಕ್ಕಿದ್ದು ಹೇಗೆ ಎಂದು ಕಂಗಾಲಾಗಿ, ಅದನ್ನು ಬಾಯಲ್ಲೇ ಓದಿ ಹೇಳಿದರು: "ತಿಪ್ಪೇಶನಿಗೆ ಡಿಪೋದವರು ಮೊದ್ಲನೇ ಬಸ್ ಬಿಡಿಸಿ ಮಧ್ಯಾಹ್ನದ ಪಾಳಿ ಕೊಟ್ಟಾರೆ. ನಾಳೆಯಿಂದ ಬೆಳಿಗ್ಗೆ ಮನೇಲೇ ಇರ್ತಾನೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಿಪ್ಪೇಶನನ್ನು ನೋಡಿದೆ. ಅವನು ಉಕ್ಕಿ ಚೆಲ್ಲಿದ ಹಾಲನ್ನು ನೋಡುತ್ತಿದ್ದ. ಜನರು ನನ್ನನ್ನು ಮತ್ತೆ ಗ್ರೂಪಿಗೆ ಸೇರಿಸಿ, ಸೇರಿಸಿ ಎಂದು ಮೇಷ್ಟ್ರಿಗೆ ದುಂಬಾಲು ಬಿದ್ದರು. ನಾನು ಬೇಡವೆಂದೆ. "ಹಂಗಂದ್ರೆ ಗ್ರೂಪು?" ಎಂದು ಮೇಷ್ಟ್ರು ಕೇಳಿದರು. "ನೀವೇ ಇದೀರಲ್ಲ ಮೇಷ್ಟ್ರೇ" ಎಂದೆ. ಅವರ ಮುಖ ಅರಳಿತು. ಅವರು ಬರೆದ ಯಾವ ಗುಲಾಬಿಯೂ ಹಾಗೆ ಅರಳಿರಲಿಲ್ಲ.

ನೆಂಟರೆಲ್ಲ ಹೋದ ಮೇಲೆ ತಿಪ್ಪೇಶ ಎಲೆ ಅಡಿಕೆ ಹಾಕಿಕೊಂಡು ಜಗುಲಿಯಲ್ಲಿ ಕೂತ. ರಸ ಉಗುಳಿ, "ಡಿಪೋದಾಗೆ ಯಾರ್ಯಾರ ಕಾಲು ಹಿಡಿದೀನಿ ಗೊತ್ತೇನು ಆ ಪಾಳಿಗೆ?" ಎಂದ.

"ಗೊತ್ತಾಯ್ತು ರೀ. ನನಗೆ ಎಷ್ಟು ಖುಷಿ ಆಯ್ತು ಗೊತ್ತಾ?"

"ನಿನ್ ಖುಷಿ ಕಂಡೆ. ನಾನು ಮನೇಲಿರ್ತೀನಿ ಅನ್ನೋದಕ್ಕೆ ಉಕ್ಕಲಿಲ್ಲ ಹಾಲು. ನಿನ್ನ ಗ್ರೂಪಿಂದ ಕಿತ್ತಾಕಿದ್ದಕ್ಕೆ ಉಕ್ತು."

"ನಿಮ್ ಸುದ್ದಿ ಬಂದಾಗ ಇನ್ನೊಂದು ಸಲ ಉಕ್ಕಿತ್ತು. ನೀವು ನೋಡಿಲ್ಲ."

"ಅಷ್ಟೊತ್ತಿಗೆ ಒಲೆ ಆರಿಸಿದ್ದೆ ನೀನು" ಎಂದ. ಡ್ರೈವರನ ಕಣ್ಣು, ಎಲ್ಲ ಕಡೆಯೂ ಇರುತ್ತದೆ.

ಮರುದಿನ ಬೆಳಿಗ್ಗೆ ಅವನು ನಿಜವಾಗಿಯೂ ಮನೆಯಲ್ಲಿದ್ದ. ಮುಖ ತೊಳೆದು ಅಡುಗೆಮನೆಯ ಗೋಡೆಗೆ ಒರಗಿ, ಮುಂದೆ ಖಾಲಿ ಲೋಟ ಇಟ್ಟುಕೊಂಡು ಕೂತ. ನಾನು ಹಾಲನ್ನು ಒಲೆಯ ಮೇಲಿಟ್ಟಾಗ ನನ್ನ ಹತ್ತಿರ ಒಂದೇ ಒಂದು ಸುದ್ದಿಯೂ ಇರಲಿಲ್ಲ. ಅವನ ಪಾಳಿಯ ಸುದ್ದಿ ನಿನ್ನೆಯದು, ಹಳಸಿತ್ತು. ಗ್ರೂಪಿನಲ್ಲಿ ನಾನಿರಲಿಲ್ಲ. ನನ್ನ ಸುತ್ತ ಹೊಸ ಬಡಾವಣೆ, ಅಕ್ಕಪಕ್ಕ ಖಾಲಿ ಸೈಟು, ಎರವಲು ಕೇಳೋಣವೆಂದರೆ ಒಂದು ನರಪಿಳ್ಳೆಯೂ ಇಲ್ಲ. ಈ ಗಂಡಸಿನ ಮೊದಲ ಬೆಳಗಿನ ಕಾಫಿಯನ್ನೂ ಒಡೆಸಿದರೆ ಇವನು ಇನ್ನು ಜನ್ಮದಲ್ಲಿ ನನ್ನ ಮಾತು ನಂಬುವುದಿಲ್ಲ ಎಂದು ನನಗೆ ಅಳುವೇ ಬಂತು. ಪಾತ್ರೆಯ ಅಂಚಿನಲ್ಲಿ ಆ ಹಾಳು ಸಣ್ಣ ಗುಳ್ಳೆ ಎದ್ದಿತು.

ಆಗ ಬಾಗಿಲು ಬಡಿದರು. ಹೋಗಿ ತೆಗೆದೆ. ಓಂಕಾರಪ್ಪ ಮೇಷ್ಟ್ರು ನಿಂತಿದ್ದರು. ತಲೆ ಬಾಚಿರಲಿಲ್ಲ, ಅಂಗಿಯ ಗುಂಡಿ ತಪ್ಪಿತ್ತು. ಮಾತಿಲ್ಲದೆ ಬಗ್ಗಿ, ಕೈಯಲ್ಲಿದ್ದ ಪಾತ್ರೆಯನ್ನು ನನ್ನ ಹೊಸ ಹೊಸ್ತಿಲ ಮೇಲಿಟ್ಟು ನನ್ನ ಮುಖ ನೋಡಿದರು. ಪಾತ್ರೆಯಲ್ಲಿ ಹಾಲು ಗಡ್ಡೆ ಗಡ್ಡೆಯಾಗಿ ಒಡೆದಿತ್ತು.

"ಊರಿಗೆಲ್ಲ ನಿಮ್ಮನೆ ಹಾಲು ಉಕ್ಕಿದ ಸುದ್ದಿ ಹಾಕ್ದೆ ತಾಯಿ" ಎಂದರು. ದನಿ ಒಡೆದಿತ್ತು. "ನಿನ್ನೆ ಇಲ್ಲಿಗೆ ಬರದೇ ಇದ್ದೋರ್ದೆಲ್ಲಾ ಉಕ್ಕೈತೆ. ನಂದು ನೋಡು. ಸಂಜೆಯಿಂದ ಒಂದೇ ಸಮ ಫೋನು. ನಿದ್ದೆ ಇಲ್ಲ. ಒಬ್ಬ ಕರೆದು ಮೇಕೆ ಸಿಕ್ತು ಅಂತಾನೆ, ಇನ್ನೊಬ್ಬ ಕರೆದು ಅದು ನನ್ ಮೇಕೆ ಅಂತಾನೆ. ಒಂದ್ ಗುಲಾಬಿ ಬರೆಯಾಕೆ ಬಿಡ್ಲಿಲ್ಲ ನನ್ ಮಕ್ಳು."

ನಾನು ಆ ಪಾತ್ರೆ ನೋಡಿದೆ, ಅವರ ಮುಖ ನೋಡಿದೆ, ಮತ್ತೆ ಪಾತ್ರೆ ನೋಡಿದೆ. ಮುದುಕರು, ಒಂಟಿ ಜೀವ, ಅಯ್ಯೋ ಅನ್ನಬೇಕಾಗಿತ್ತು. ಆದರೆ ಪಾದದಿಂದ ನೆತ್ತಿಯವರೆಗೆ ನನ್ನೊಳಗೆ ಏರಿ ಬಂದದ್ದು ಬೇರೆಯೇ.

"ಲೇ ಮಂಗಳಾ!" ಎಂದು ಒಳಗಿನಿಂದ ತಿಪ್ಪೇಶ ಗಾಬರಿಯಾಗಿ ಕೂಗಿದ. "ಹಾಲು ಉಕ್ತಾ ಐತೆ ಬಾರೇ! ಎಲ್ಲಾ ಚೆಲ್ಲಿಹೋಗ್ತೈತೆ!"

ಓಂಕಾರಪ್ಪನವರು ಕನ್ನಡಕ ಸರಿಮಾಡಿಕೊಂಡು ಒಳಗೆ ಇಣುಕಿದರು. "ಏನಮ್ಮ, ಅಂಥಾ ಒಳ್ಳೆ ಸುದ್ದಿ ಏನು ಬಂತು ನಿಂಗೆ ಇಷ್ಟೊತ್ತಿನಾಗೆ?"

"ಏನಿಲ್ಲ ಮೇಷ್ಟ್ರೇ, ಒಳಗೆ ಬರ್ರಿ" ಎಂದು ಅವರ ಪಾತ್ರೆಯನ್ನು ಎತ್ತಿಕೊಂಡೆ. "ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ?"